ಬಾಯ್ಲರ್ ಮನೆಯ ಹಿಂದಿನ ಮೀಟರ್

ಬಟ್ಟೆಗೆ ಬಣ್ಣ ಹಾಕುವ ಆ ಗಿರಣಿ ಕಟ್ಟುವಾಗ ಆ ಜಾಗದಲ್ಲೊಂದು ಬಾವಿ ಇತ್ತು. ಬಾವಿ ಮುಚ್ಚಿ ಅದರ ಮೇಲೆ ಬಾಯ್ಲರ್ ಮನೆ ಎಬ್ಬಿಸಬೇಕಾಗಿ ಬಂದಾಗ ಹಿಂದಿನ ಓಣಿಯ ಹೆಂಗಸರು ಖಾಲಿ ಕೊಡಗಳನ್ನು ಸೊಂಟಕ್ಕಿಟ್ಟುಕೊಂಡು ಬಂದು ಮಣ್ಣಿನ ಗುಡ್ಡೆಯ ಮುಂದೆ ನಿಂತರು. ಗಿರಣಿಯ ದೊಡ್ಡ ಯಜಮಾನರು ಕುರ್ಚಿಯಿಂದ ಎದ್ದು ಬಂದು ಮಾತು ಕೊಟ್ಟರು. "ಈ ಗಿರಣಿ ಓಡೋವರೆಗೂ ಗೋಡೆಯಾಚೆ ನಿಮಗೊಂದು ನಲ್ಲಿ ಬರುತ್ತೆ. ಯಾರೂ ಬಂದು ನಿಲ್ಲಿಸಲ್ಲ." ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ದೊಡ್ಡ ಯಜಮಾನರ ಮಾತನ್ನು ಬರೆದುಕೊಳ್ಳುವುದೆಂದರೆ ಆ ಕಾಲದಲ್ಲಿ ಅವರ ಮುಖಕ್ಕೆ ಹೊಡೆದಂತೆ. ಬಾವಿ ಮುಚ್ಚಿತು, ನಲ್ಲಿ ಬಂತು. ವರ್ಷಗಳು ಕಳೆದು ದೊಡ್ಡ ಯಜಮಾನರು ತೀರಿಕೊಂಡರು. ಈಗ ಗಿರಣಿ ನಡೆಸುವವರು ಅವರ ಮಗ, ಎಲ್ಲರ ಬಾಯಲ್ಲಿ ಚಿಕ್ಕ ಯಜಮಾನರು.

ಇದ್ಯಾವುದೂ ಠಾಣೆಗೆ ಗೊತ್ತಿರಲಿಲ್ಲ. ಠಾಣೆಗೆ ಬಂದದ್ದು ಬರೀ ಒಂದು ಕಳವಿನ ದೂರು.

ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ದೂರು ಹಿಡಿದು ಬಂದವನು ಗಿರಣಿಯ ನೀರಿನ ವಿಭಾಗದ ಫೋರ್‌ಮನ್. ನಿವೃತ್ತಿಗೆ ಹತ್ತಿರದ ವಯಸ್ಸು, ಮಡಚಿದ ತೋಳಿನ ಖಾಕಿ ಅಂಗಿ, ಎಣ್ಣೆ ಹಿಡಿದ ಉಗುರುಗಳು. ದಫೇದಾರ್ ಹೆಸರು, ವಯಸ್ಸು, ಉದ್ಯೋಗ ಎಲ್ಲ ಬರೆದುಕೊಂಡ. ಆದರೆ ಗಿರಣಿಯಲ್ಲಿ ಆ ಹೆಸರಿಂದ ಕರೆದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಎಲ್ಲಿ ನಲ್ಲಿ ತೊಟ್ಟಿಕ್ಕಿದರೂ ಕಿವಿ ನೆಟ್ಟಗಾಗುವ ಮನುಷ್ಯನಾದ್ದರಿಂದ ಅವನಿಗೆ ಹನಿಯಣ್ಣ ಎಂದೇ ಹೆಸರು.

"ಏನು ಕಳುವಾಗಿದೆ?"

"ನೀರಿನ ಮೀಟರ್, ಸಾರ್."

"ಎಷ್ಟು?"

"ಒಂದೇ."

ದಫೇದಾರ್ ಪೆನ್ನು ಎತ್ತಿದ. "ಒಂದು ಮೀಟರ್‌ಗೆ ಎಫ್‌ಐಆರ್ ಬೇಕಾ? ನಮ್ಮನೆ ಮೀಟರ್ ಹೋಗಿ ಎರಡು ವರ್ಷ ಆಯ್ತು. ಪೊಲೀಸ್ ಆಗಿ ನಾನೇ ದೂರು ಕೊಟ್ಟಿಲ್ಲ."

"ಬೇಕೇ ಬೇಕಂತೆ ಸಾರ್. ಅದಕ್ಕೆ ಸೀಲ್ ಹಾಕಿತ್ತು."

ಒಳಗಿನ ಕೋಣೆಯಿಂದ ಇನ್‌ಸ್ಪೆಕ್ಟರ್ ಹೊರಗೆ ಬಂದರು. ನಲವತ್ತು ದಾಟಿದ ಹೆಂಗಸು. ಬೆಳಿಗ್ಗೆ ಇಬ್ಬರು ಮಕ್ಕಳನ್ನು ಎಬ್ಬಿಸಿ, ತಿನ್ನಿಸಿ, ಶಾಲೆಗೆ ಕಳಿಸುವಷ್ಟರಲ್ಲೇ ಅವರ ದಿನದ ಅರ್ಧ ಶಕ್ತಿ ಮುಗಿದಿರುತ್ತಿತ್ತು. ಉಳಿದರ್ಧದಲ್ಲಿ ಠಾಣೆ ನಡೆಯುತ್ತಿತ್ತು.

"ಮೀಟರ್‌ಗೆ ಸೀಲ್ ಯಾಕೆ?" ಎಂದು ಕೇಳಿದರು.

ಹನಿಯಣ್ಣ ನಿಂತುಕೊಂಡೇ ವಿವರಿಸಿದ. ಗಿರಣಿಯ ಬಟ್ಟೆ ಕೊಳ್ಳುವವರು ಈಗ ಬರೀ ಬಣ್ಣ, ಬೆಲೆ ಕೇಳುವುದಿಲ್ಲ. ಒಂದು ಕಿಲೋ ಬಟ್ಟೆಗೆ ಎಷ್ಟು ನೀರು ಖರ್ಚಾಯಿತು, ಎಷ್ಟನ್ನು ತಿರುಗಿ ಬಳಸಿದಿರಿ, ಎಷ್ಟು ಸೋರಿತು ಎಂದೂ ಕೇಳುತ್ತಾರೆ. ಅದಕ್ಕಾಗಿ ಹೊರಗಿನ ಒಂದು ಸಂಸ್ಥೆಯವರು ಬಂದು ಮೌಲ್ಯಮಾಪನ ಮಾಡಿ ದರ್ಜೆ ಕೊಡುತ್ತಾರೆ. ಗಿರಣಿಯ ಪ್ರತಿಯೊಂದು ಪೈಪಿಗೂ ಮೀಟರ್ ಕೂರಿಸಿ ಅವರೇ ಸೀಲ್ ಹಾಕಿ ಹೋಗಿದ್ದಾರೆ. ಮುಂದಿನ ಸೋಮವಾರ ಬಂದು ಓದುತ್ತಾರೆ. ಅಷ್ಟರಲ್ಲಿ ಒಂದು ಮೀಟರ್ ಕಾಣೆಯಾದರೆ, ಎಫ್‌ಐಆರ್ ಪ್ರತಿ ತೋರಿಸದಿದ್ದರೆ, ಇಡೀ ಮೌಲ್ಯಮಾಪನವೇ ರದ್ದು.

"ಅದಕ್ಕೇ ಚಿಕ್ಕ ಯಜಮಾನ್ರು ಹೋಗಿ ದೂರು ಕೊಟ್ಟು ಬಾ ಅಂದ್ರು, ಮೇಡಂ. ಪೈಪೆಲ್ಲ ನನ್ನ ಜವಾಬ್ದಾರಿ ಅಲ್ವಾ?"

ಮಾತಾಡುತ್ತಿದ್ದವನ ಕಣ್ಣು ಮಾತ್ರ ಇನ್‌ಸ್ಪೆಕ್ಟರ್ ಮೇಲಿರಲಿಲ್ಲ. ಠಾಣೆಯ ಮೂಲೆಯ ನಲ್ಲಿ ಬಕೆಟ್ಟಿಗೆ ಟಪ್ ಟಪ್ ಎಂದು ಹನಿ ಬೀಳಿಸುತ್ತಿತ್ತು. ಎರಡು ಪ್ರಶ್ನೆ ತಡೆದುಕೊಂಡ. ಮೂರನೆಯದಕ್ಕೆ ಉತ್ತರ ಕೊಡದೆ, "ಒಂದು ನಿಮಿಷ ಮೇಡಂ" ಎಂದು ಆ ಕಡೆ ನಡೆದೇಬಿಟ್ಟ. ಗೋಡೆಯಾಚೆಯ ವಾಲ್ವ್ ಮುಚ್ಚಿ ಬಂದು, ಪ್ಯಾಂಟಿನ ಜೇಬಿನ ಸ್ಪ್ಯಾನರಿನಿಂದ ನಲ್ಲಿ ಬಿಚ್ಚಿದ. ಅಂಗಿಯ ಜೇಬಿನ ಸಣ್ಣ ಡಬ್ಬಿಯಿಂದ ಸೆಣಬಿನ ನಾರು ತೆಗೆದು ನಲ್ಲಿಯ ತುದಿಯ ತಿರುಪಿನ ಮರೆಗೆ ಸುತ್ತಿ ಬಿಗಿದ. ಹೊರಗೆ ಉಳಿದ ನಾರಿನ ಎಳೆಗಳಿಗೆ ದಫೇದಾರನ ಬೆಂಕಿಪೊಟ್ಟಣದಿಂದ ಕಡ್ಡಿ ಗೀರಿ ಸುಟ್ಟ. ಸಂದಿನ ಸುತ್ತ ಕಾಡಿಗೆ ಎಳೆದ ಹಾಗೆ ಒಂದು ಕಪ್ಪು ಬಳೆ ಮೂಡಿತು.

"ಈಗ ಎಲ್ಲರೂ ಬಿಳಿ ಟೇಪು ಸುತ್ತಿಬಿಡ್ತಾರಲ್ಲ?" ಎಂದ ದಫೇದಾರ್.

"ಟೇಪು ಸುತ್ತಿದ್ದು ಮದುವೆ ದಿನಕ್ಕೆ. ನಾರು ಸುತ್ತಿದ್ದು ಸಂಸಾರಕ್ಕೆ, ಸಾರ್."

"ದೂರು ಕೊಡೋಕೆ ಬಂದವನು ರಿಪೇರಿ ಮಾಡಿ ಹೋಗೋದು ನನ್ನ ಸರ್ವೀಸಲ್ಲಿ ಇದೇ ಮೊದಲು" ಎನ್ನುತ್ತ ದಫೇದಾರ್ ಸಹಿ ಹಾಕಿಸಿಕೊಂಡ. ಕಳವು ಪ್ರಕರಣ ದಾಖಲಾಯಿತು.

ಮಧ್ಯಾಹ್ನ ಹನ್ನೆರಡಕ್ಕೆ ಇನ್‌ಸ್ಪೆಕ್ಟರ್ ಸ್ಥಳ ಪರಿಶೀಲನೆಗೆ ಗಿರಣಿಗೆ ಹೋದರು. ಬಣ್ಣದ ವಿಭಾಗದಲ್ಲಿ ದೊಡ್ಡ ಉಕ್ಕಿನ ಹಂಡೆಗಳು ಸಾಲಾಗಿ ನಿಂತಿದ್ದವು. ಬಿಸಿ ಉಗಿಯ ನಡುವೆ ನೀಲಿ ಬಟ್ಟೆ ಹಗ್ಗದಂತೆ ಸುತ್ತಿ ಸುತ್ತಿ ಬರುತ್ತಿತ್ತು. ಅಲ್ಲಿ ಅವರನ್ನು ಎದುರುಗೊಂಡವರು ಗಿರಣಿಯ ಪರಿಸರ ಅಧಿಕಾರಿ, ಮೂವತ್ತರ ಹುಡುಗಿ. ಕಾಲಿಗೆ ರಬ್ಬರ್ ಬೂಟು, ಕಿವಿಯ ಸಂದಿಯಲ್ಲಿ ಸೀಮೆಸುಣ್ಣ. ಕೆಲಸಗಾರರು ಇಟ್ಟ ಹೆಸರು ಲೆಕ್ಕದ ಮೇಡಂ.

ಆ ಹೆಸರು ಹುಟ್ಟಿದ್ದು ಗೇಲಿಗೆ. ಬಂದ ಹೊಸದರಲ್ಲಿ ಅವರು ಗಿರಣಿಯ ಪೈಪುಗಳನ್ನು ಒಂದೊಂದಾಗಿ ಕಾಲ್ನಡಿಗೆಯಲ್ಲಿ ಹಿಂಬಾಲಿಸಿ, ಗೋಡೆಯ ಮೇಲೆ ಸುಣ್ಣದಲ್ಲಿ ಬಾಣ ಗುರುತು ಹಾಕುತ್ತಿದ್ದರು. "ನೀರು ಎಲ್ಲಿಗೆ ಹೋಗುತ್ತೆ ಅಂತ ನೀರಿಗೇ ಗೊತ್ತು, ಇವರಿಗ್ಯಾಕೆ" ಎಂದು ಹಂಡೆಯವರು ನಗುತ್ತಿದ್ದರು. ಆಮೇಲೆ ಅವರು ಒಂದು ಕೆಲಸ ಮಾಡಿ ತೋರಿಸಿದರು. ಬಟ್ಟೆಯನ್ನು ಕೊನೆಯ ಸಲ ಜಾಲಿಸಿದ ನೀರು ಬಹುತೇಕ ತಿಳಿಯಾಗಿಯೇ ಇರುತ್ತದೆ. ಅದನ್ನು ಚರಂಡಿಗೆ ಬಿಡದೆ ಮುಂದಿನ ಬಟ್ಟೆಯ ಮೊದಲ ತೊಳೆತಕ್ಕೆ ತಿರುಗಿಸಿದರು. ಎರಡು ತಿಂಗಳು ಹಂಡೆಯವರ ಪಕ್ಕದಲ್ಲೇ ನಿಂತು, ಬಣ್ಣ ಕೆಟ್ಟರೆ ತನ್ನ ಮೇಲೆ ಹಾಕಿ ಎಂದು ಹೇಳಿ, ಕೊನೆಗೂ ಅದನ್ನು ಅಭ್ಯಾಸ ಮಾಡಿಸಿದರು. ಗೇಲಿ ನಿಂತಿತು, ಹೆಸರು ಉಳಿಯಿತು. ಇವತ್ತು ಕೂಡ ಚಿಕ್ಕ ಯಜಮಾನರು, "ಹೋದ ಮೀಟರ್‌ಗೆ ಅಂದಾಜಿನ ಮೇಲೆ ಒಂದು ಸಂಖ್ಯೆ ಬರೆದುಬಿಡಿ" ಎಂದರಂತೆ. "ಅಂದಾಜು ಬರೆಯೋಕೆ ನಾನ್ಯಾಕೆ ಸಾರ್, ಯಾರಾದ್ರೂ ಜ್ಯೋತಿಷಿಗಳನ್ನ ಇಟ್ಕೊಳ್ಳಿ" ಎಂದು ಇವರು ಹೇಳಿದ್ದರಿಂದಲೇ ವಿಷಯ ಪೊಲೀಸರವರೆಗೆ ಬಂದದ್ದು.

ಮೀಟರ್ ಇದ್ದ ಜಾಗ ಬಾಯ್ಲರ್ ಮನೆಯ ಹಿಂದಿನ ಇಕ್ಕಟ್ಟು ಸಂದಿಯಲ್ಲಿತ್ತು. ಇಬ್ಬರು ಕೆಲಸಗಾರರನ್ನು ಪಂಚರನ್ನಾಗಿ ನಿಲ್ಲಿಸಿಕೊಂಡು ದಫೇದಾರ್ ಪಂಚನಾಮೆ ಶುರುಮಾಡಿದ. ನೆಲದಿಂದ ಮಂಡಿಯೆತ್ತರಕ್ಕೆ ಒಂದು ಕಬ್ಬಿಣದ ಪೈಪು ಸಾಗಿ ಗೋಡೆಯೊಳಗೆ ಹೋಗಿತ್ತು. ಮೀಟರ್ ಇರಬೇಕಾದಲ್ಲಿ ಅಷ್ಟೇ ಉದ್ದದ ಹೊಸ ಪೈಪಿನ ತುಂಡು ಕೂತಿತ್ತು.

"ಈ ತುಂಡು ಯಾರು ಹಾಕಿದ್ದು?" ಇನ್‌ಸ್ಪೆಕ್ಟರ್ ಕೇಳಿದರು.

"ಅದೇ ಮೇಡಂ ವಿಚಿತ್ರ" ಎಂದರು ಲೆಕ್ಕದ ಮೇಡಂ. "ಬೆಳಿಗ್ಗೆ ಆರೂಕಾಲಿಗೆ ಮೊದಲು ಇಲ್ಲಿಗೆ ಬಂದವಳು ನಾನು. ಮೀಟರ್ ಇರಲಿಲ್ಲ, ಈ ತುಂಡು ಇತ್ತು. ನೆಲದ ಮೇಲೆ ಒಂದು ತೊಟ್ಟು ನೀರಿಲ್ಲ. ಒರೆಸಿದ ಹಾಗಿತ್ತು."

"ನೀವು ಮುಟ್ಟಿದ್ರಾ?" ಪ್ರಶ್ನೆ ಜೊತೆಗೆ ಬಂದಿದ್ದ ಹನಿಯಣ್ಣನಿಗೆ.

"ಇಲ್ಲ ಮೇಡಂ. ಪೊಲೀಸ್ರು ಬರೋವರೆಗೂ ಯಾರೂ ಮುಟ್ಟಬಾರದು ಅಂತ ಇವರು ಹೇಳಿದ್ರು."

ಇನ್‌ಸ್ಪೆಕ್ಟರ್ ಮಂಡಿಯೂರಿ ಬಗ್ಗಿ ನೋಡಿದರು. ಪೈಪಿನ ತುಂಡಿನ ಎರಡೂ ತುದಿಗೆ ನಾರಿನ ಬಿಗಿತ. ಎರಡೂ ಸಂದಿನ ಸುತ್ತ ತೆಳ್ಳನೆಯ ಕಪ್ಪು ಬಳೆ. ಮಂಡಿಯ ಧೂಳು ಕೊಡವಿ ಎದ್ದರು.

ಮಾಮೂಲಿ ಕಳ್ಳ ಪೈಪು ಮುರಿದು ಮೀಟರ್ ಕಿತ್ತು ಓಡುತ್ತಾನೆ. ಹಿಂದೆ ನೀರು ಹೊಳೆಯಾದರೆ ಅವನಿಗೇನು. ಇವನು ಮೊದಲೇ ಅಳತೆ ತೆಗೆದು, ತುಂಡು ಕತ್ತರಿಸಿ, ಎರಡು ತುದಿಗೆ ಮರೆ ಕೊರೆದು ತಂದು, ಕದ್ದ ಜಾಗವನ್ನು ಸರಿಮಾಡಿ, ನೆಲ ಒರೆಸಿ ಹೋಗಿದ್ದಾನೆ.

"ಈ ಲೈನ್ ಎಲ್ಲಿಗೆ ಹೋಗುತ್ತೆ?"

"ಇದು ಸತ್ತ ಲೈನು ಮೇಡಂ" ಎಂದ ಹನಿಯಣ್ಣ. "ಎಷ್ಟೋ ವರ್ಷದ ಹಿಂದೆ ಬಂದ್ ಆಗಿದೆ."

ಇನ್‌ಸ್ಪೆಕ್ಟರ್ ಪೈಪಿನ ಮೇಲೆ ಅಂಗೈ ಇಟ್ಟರು. ಬಾಯ್ಲರ್ ಮನೆಯ ಸೆಕೆಗೆ ಗೋಡೆ, ನೆಲ, ಬಾಗಿಲ ಚಿಲಕ ಎಲ್ಲ ಬೆಚ್ಚಗಿದ್ದವು. ಪೈಪು ಮಾತ್ರ ತಣ್ಣಗೆ ಬೆವರುತ್ತಿತ್ತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಇವತ್ತು ಅರ್ಧ ದಿನದ ಶಾಲೆ. ಚಿಕ್ಕ ಮಗ ಮನೆಯಲ್ಲಿದ್ದ.

"ಅಮ್ಮಾ, ಟ್ಯಾಂಕ್ ತುಂಬಿ ಮೆಟ್ಟಿಲ ಮೇಲೆಲ್ಲ ನೀರು ಬರ್ತಾ ಇದೆ. ಏನು ಮಾಡ್ಲಿ?"

"ಮೊದಲು ಮೋಟಾರ್ ಆಫ್ ಮಾಡೋ ರಾಜಾ. ನನಗೆ ಫೋನ್ ಮಾಡೋದು ಆಮೇಲೆ."

"ಅಕ್ಕ ಹೇಳಿದ್ಳು ನಿನ್ನ ಕೇಳ್ಬೇಕು ಅಂತ."

"ಅಕ್ಕಂಗೆ ಮನೆಗೆ ಬಂದು ಮಾಡ್ತೀನಿ."

ಪಂಚರಿಬ್ಬರೂ ಮುಖ ಆಚೆ ತಿರುಗಿಸಿ ನಕ್ಕರು. ಹನಿಯಣ್ಣ ನಗಲಿಲ್ಲ; ಆ ಮೆಟ್ಟಿಲ ಮೇಲಿನ ನೀರನ್ನು ನೆನೆದು ಅವನ ಮುಖ ಸಣ್ಣಗಾಯಿತು.

ಆ ಸಂಜೆ ದಫೇದಾರ್ ಊರಿನ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ ಬಂದ. ಕೊನೆಯ ಅಂಗಡಿಯವನು ಹಲ್ಲು ಕಿರಿದು, "ಅಂಥ ಮಾಲು ಬಂದಿದ್ರೆ ನಾನೇ ನಿಮಗೆ ಫೋನ್ ಮಾಡ್ತಿದ್ದೆ ಸಾರ್" ಎಂದನಂತೆ. "ಆ ಫೋನು ಕೊಂಡಿದ್ದಾ, ಕದ್ದಿದ್ದಾ ಅಂತ ಕೇಳಿದೆ ಮೇಡಂ. ಅಂಗಡಿ ಬಾಗಿಲೇ ಹಾಕ್ಕೊಂಡ."

"ಗುಜರಿಗೆ ಹೋಗಿಲ್ಲ ಬಿಡಿ. ಮಾರೋಕೆ ಕದ್ದಿದ್ದಲ್ಲ ಅದು."

"ಮತ್ಯಾಕೆ?"

"ಓದಬಾರದು ಅಂತ."

ಗುರುವಾರ ಬೆಳಿಗ್ಗೆ ಇನ್‌ಸ್ಪೆಕ್ಟರ್ ಲೆಕ್ಕದ ಮೇಡಂ ಅವರನ್ನು ಒಬ್ಬರನ್ನೇ ಠಾಣೆಗೆ ಕರೆಸಿ ಹೇಳಿಕೆ ತೆಗೆದುಕೊಂಡರು.

"ಸತ್ತ ಲೈನ್‌ಗೆ ಮೀಟರ್ ಯಾಕೆ ಹಾಕಿಸಿದ್ರಿ?"

"ಹನಿಯಣ್ಣನೂ ಅದನ್ನೇ ಕೇಳಿದ್ರು. ಸತ್ತಿದ್ರೆ ಮೀಟರ್ ತಿರುಗಲ್ಲ, ಅಷ್ಟೇ ತಾನೇ ಅಣ್ಣಾ ಅಂದೆ." ಹುಡುಗಿ ತುಸು ನಕ್ಕರು. "ನಮ್ಮಲ್ಲಿ ಒಳಗೆ ಬರೋ ನೂರು ಕೊಡ ನೀರಲ್ಲಿ ಮೂರು ಕೊಡಕ್ಕೆ ಲೆಕ್ಕ ಸಿಕ್ತಾ ಇರಲಿಲ್ಲ ಮೇಡಂ. ಆರು ತಿಂಗಳಿಂದ ಹುಡುಕ್ತಾ ಇದ್ದೆ."

"ತಿರುಗ್ತಾ?"

"ತಿರುಗ್ತು. ಬೆಳಿಗ್ಗೆ ಜೋರು, ಮಧ್ಯಾಹ್ನ ನಿಧಾನ, ಸಂಜೆ ಮತ್ತೆ ಜೋರು. ಸೋರಿಕೆ ಆದ್ರೆ ಇಡೀ ದಿನ ಒಂದೇ ಸಮ ಸೋರಬೇಕು. ಇದು ಹಾಗಿರಲಿಲ್ಲ. ಇನ್ನೂ ಎರಡು ದಿನ ನೋಡಿ ಆಮೇಲೆ ಚಿಕ್ಕ ಯಜಮಾನ್ರಿಗೆ ಹೇಳೋಣ ಅಂತಿದ್ದೆ."

"ಅವರು ಏನು ಮಾಡ್ತಿದ್ರು?"

"ಲೆಕ್ಕಕ್ಕೆ ಸಿಗದ ನೀರು ಎಲ್ಲಿ ಕಂಡರೂ ಅವತ್ತೇ ಬಂದ್ ಮಾಡಿ ಅಂತ ಆರ್ಡರ್ ಇದೆ. ಮೊದಲ ದರ್ಜೆ ಬಂದ್ರೆ ದೊಡ್ಡ ಖರೀದಿದಾರರು ಸಿಗ್ತಾರೆ ಅಂತ ಕಾಯ್ತಿದ್ದಾರೆ."

"ಮೀಟರ್ ತಿರುಗ್ತಾ ಇದೆ ಅಂತ ನೀವು ಯಾರಿಗೆ ಹೇಳಿದ್ರಿ?"

ಹುಡುಗಿ ಕಿವಿಯ ಸಂದಿಯ ಸೀಮೆಸುಣ್ಣ ತೆಗೆದು ಬೆರಳಲ್ಲಿ ಉರುಳಿಸಿದರು.

"ಹೇಳಿ."

"ಒಬ್ಬರಿಗೇ. ಮಂಗಳವಾರ ಮಧ್ಯಾಹ್ನ. ಅವರ ಪೈಪು, ಅವರಿಗೆ ಮೊದಲು ಹೇಳಬೇಕು ಅನ್ನಿಸ್ತು." ಸೀಮೆಸುಣ್ಣವನ್ನು ತಿರುಗಿ ಕಿವಿಗೆ ಸಿಕ್ಕಿಸಿಕೊಂಡು ಹೇಳಿದರು, "ನನಗೆ ಈ ಗಿರಣೀಲಿ ಪೈಪಿನ ಕೆಲಸ ಹೇಳಿಕೊಟ್ಟವರು ಅವರೇ, ಮೇಡಂ."

ಹನ್ನೊಂದು ಗಂಟೆಗೆ ಇನ್‌ಸ್ಪೆಕ್ಟರ್ ಮತ್ತು ದಫೇದಾರ್ ಗಿರಣಿಯ ಕಾಂಪೌಂಡು ಬಳಸಿಕೊಂಡು ಹಿಂದಿನ ಓಣಿಗೆ ನಡೆದರು. ಎರಡು ಸಾಲು ತಗಡಿನ ಮನೆ, ನಡುವೆ ಕಲ್ಲು ಹಾಸು. ಗಿರಣಿಯ ಗೋಡೆಗೆ ಒತ್ತಿದಂತೆ ಒಂದು ಸಿಮೆಂಟಿನ ಕಟ್ಟೆ, ಅದರ ಮೇಲೆ ಹಿತ್ತಾಳೆಯ ನಲ್ಲಿ. ಕೊಡಗಳು ಸಾಲಾಗಿ ಕೂತಿದ್ದವು. ಅವುಗಳ ಒಡತಿಯರು ನೆರಳಿನಲ್ಲಿದ್ದರು. ನಗರಸಭೆಯ ನಲ್ಲಿ ಎಂದು ಊರವರೆಲ್ಲ ತಿಳಿದಿದ್ದ ನಲ್ಲಿ ಅದು. ಅದರ ಕುತ್ತಿಗೆಯ ಸುತ್ತಲೂ ಹಳೆಯ ಕಪ್ಪು ಬಳೆ.

ಖಾಕಿ ಕಂಡ ಕೂಡಲೇ ನೆರಳಿನ ಮಾತು ನಿಂತಿತು. ಬೊಚ್ಚುಬಾಯಿಯ ಅಜ್ಜಿಯೊಬ್ಬಳು ಎದ್ದು ಬಂದು ನಲ್ಲಿಗೂ ಇನ್‌ಸ್ಪೆಕ್ಟರಿಗೂ ನಡುವೆ ನಿಂತಳು.

"ಏನಮ್ಮಾ, ನಲ್ಲಿ ನಿಲ್ಲಿಸೋಕೆ ಬಂದ್ಯಾ?"

"ಇಲ್ಲ ಅಜ್ಜಿ. ವಿಚಾರಿಸೋಕೆ ಬಂದೆ."

"ವಿಚಾರಿಸಿಕೊಂಡು ಹೋದೋರೇ ಆಮೇಲೆ ನಿಲ್ಲಿಸೋಕೆ ಬರೋದು. ಬೇರೆ ನೀರು ಅಂದ್ರೆ ರೈಲು ಕಂಬಿ ದಾಟಿ ಹೋಗ್ಬೇಕು. ಹೋದ ವರ್ಷ ಅಲ್ಲಿಗೆ ಹೋದೋಳೊಬ್ಬಳು ಕಾಲು ಮುರ್ಕೊಂಡು ಕೂತಿದಾಳೆ. ಇದು ನಮ್ಮ ಬಾವಿ ನೀರು. ದೊಡ್ಡ ಯಜಮಾನ್ರು ಮಾತು ಕೊಟ್ಟಿದ್ದಾರೆ. ನಾನೇ ಎದುರಿಗೆ ನಿಂತಿದ್ದೆ, ನನ್ನ ಹಿರಿ ಮಗಳು ಹೊಟ್ಟೇಲಿದ್ಳು."

ಅಜ್ಜಿ ಬಾವಿಯ ಕತೆ ಪೂರ್ತಿ ಹೇಳಿದಳು. ಇನ್‌ಸ್ಪೆಕ್ಟರ್ ಕಟ್ಟೆಯ ಮೇಲೆ ಕೂತು ಕೇಳಿದರು. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದರು.

"ಮೊನ್ನೆಯಿಂದ ಈಚೆಗೆ ನೀರು ನಿಂತಿತ್ತಾ?"

"ನಿನ್ನೆ ನಸುಕಲ್ಲಿ ಸ್ವಲ್ಪ ಹೊತ್ತು. ಅದರಿಂದ ನಮಗೇನೂ ತೊಂದರೆ ಆಗ್ಲಿಲ್ಲ, ಎಲ್ಲರೂ ತುಂಬಿಸಿಟ್ಕೊಂಡಿದ್ವಿ."

"ನಿಲ್ಲುತ್ತೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಹನಿಯಣ್ಣ ಹಿಂದಿನ ಸಂಜೆ ಮನೆ ಮನೆಗೂ ಬಂದು ಹೇಳಿ ಹೋದ್ನಲ್ಲ. ನಾಳೆ ಬೆಳಿಗ್ಗೆ ಒಂದರ್ಧ ಗಂಟೆ ನೀರು ಬರಲ್ಲ, ಕೊಡ ತುಂಬಿಸಿಟ್ಕೊಳ್ಳಿ ಅಂತ. ಯಾವತ್ತು ರಿಪೇರಿ ಇದ್ರೂ ಹೇಳದೆ ಮುಚ್ಚೋನಲ್ಲ ಅವನು."

ಓಣಿ ದಾಟಿದ ಮೇಲೆ ದಫೇದಾರ್ ತಿರುವಿನಲ್ಲಿ ನಿಂತು ಟೋಪಿ ತೆಗೆದ.

"ಮೇಡಂ, ಕನ್ನ ಹಾಕಿದೋರನ್ನ ನೋಡಿದೀನಿ, ಜೇಬು ಕತ್ತರಿಸಿದೋರನ್ನ ನೋಡಿದೀನಿ. ಕದಿಯೋ ಮುಂಚೆ ಮನೆ ಮನೆಗೆ ಹೋಗಿ ತಿಳಿಸಿ ಬಂದ ಕಳ್ಳನ್ನ ನೋಡಿಲ್ಲ. ಇಂಥೋನನ್ನ ಹಿಡಿಬೇಕಾ?"

"ಹಿಡಿಬೇಕು" ಎಂದರು ಇನ್‌ಸ್ಪೆಕ್ಟರ್. "ಎಫ್‌ಐಆರ್ ಆಗಿದೆ. ಅವನೇ ಸಹಿ ಹಾಕಿದಾನೆ."

ಹನಿಯಣ್ಣ ಗಿರಣಿಯ ವರ್ಕ್‌ಶಾಪಿನಲ್ಲಿದ್ದ. ಪೈಪಿಗೆ ಮರೆ ಕೊರೆಯುವ ಯಂತ್ರದ ಪಕ್ಕ ಕೂತು ಹಳೆಯ ವಾಲ್ವ್ ಒಂದನ್ನು ಉಜ್ಜುತ್ತಿದ್ದ. ಇನ್‌ಸ್ಪೆಕ್ಟರ್ ಒಳಗೆ ಬಂದದ್ದನ್ನು ಕಂಡು ಎದ್ದು ಕೈ ಒರೆಸಿಕೊಂಡ.

"ವರ್ಕ್‌ಶಾಪಿನ ಬೀಗದ ಕೈ ಯಾರ ಹತ್ರ ಇರುತ್ತೆ?"

"ನನ್ನ ಹತ್ರ, ಮೇಡಂ."

"ಬುಧವಾರ ನಸುಕಲ್ಲಿ ಶಿಫ್ಟ್ ಬದಲಾಗುವಾಗ ಯಂತ್ರಗಳು ನಿಂತಿರ್ತಾವೆ. ಆಗ ಎಲ್ಲಿದ್ರಿ?"

ಹನಿಯಣ್ಣ ವಾಲ್ವನ್ನು ಮತ್ತೆ ಕೈಗೆತ್ತಿಕೊಂಡು ಉಜ್ಜತೊಡಗಿದ.

"ನಾನು ಓಣಿಗೆ ಹೋಗಿದ್ದೆ, ಹನಿಯಣ್ಣ" ಎಂದರು ಇನ್‌ಸ್ಪೆಕ್ಟರ್.

ಅವನು ತಲೆಯಾಡಿಸಿದ. ಯಾರೋ ಬಹಳ ಹೊತ್ತಿನಿಂದ ತಲೆಯ ಮೇಲಿಟ್ಟಿದ್ದ ಭಾರವನ್ನು ಇಳಿಸಿದ ಹಾಗೆ ಅವನ ಹೆಗಲು ಕೆಳಗಾಯಿತು.

"ಅಲ್ಲಿ ಯಾರೂ ಏನೂ ಮಾಡಿಲ್ಲ ಮೇಡಂ. ಅವರ ಮೇಲೆ ಏನೂ ಬರಬಾರದು."

"ಮೀಟರ್ ಎಲ್ಲಿ?"

ಪಂಚರನ್ನು ಕರೆಸಲಾಯಿತು. ಅವರ ಸಮ್ಮುಖದಲ್ಲಿ ಹನಿಯಣ್ಣ ಏಣಿ ಹತ್ತಿ, ಅಟ್ಟದ ಮೇಲಿದ್ದ ಹಳೆಯ ಡ್ರಮ್ಮಿನೊಳಗಿಂದ ಒಂದು ಗಂಟು ಇಳಿಸಿದ. ತನ್ನದೇ ಹಳೆಯ ಖಾಕಿ ಅಂಗಿಯಲ್ಲಿ ಮೀಟರನ್ನು ಸುತ್ತಿದ್ದ. ಎರಡೂ ಬಾಯಿಗೆ ಬಟ್ಟೆ ತುರುಕಿ ದಾರ ಕಟ್ಟಿತ್ತು. ಕತ್ತರಿಸಿದ ಸೀಲನ್ನೂ ಕಾಗದದಲ್ಲಿ ಮಡಿಸಿಟ್ಟಿದ್ದ.

"ಬಾಯಿ ಯಾಕೆ ಮುಚ್ಚಿದ್ರಿ?"

"ಧೂಳು ಹೋದ್ರೆ ಒಳಗಿನ ಚಕ್ರ ಹಾಳಾಗುತ್ತೆ ಮೇಡಂ. ವಾಪಸ್ ಹಾಕೋನೇ ಇದ್ದೆ. ಸೋಮವಾರ ಅವರು ಬಂದು ಹೋಗಲಿ ಅಂತ ಕಾಯ್ತಿದ್ದೆ. ಇದಕ್ಕೆಲ್ಲ ಪೊಲೀಸ್ ಬರ್ತಾರೆ ಅಂತ ಗೊತ್ತಿರಲಿಲ್ಲ. ನನ್ನ ಕೈಲೇ ದೂರು ಕೊಟ್ಟು ಕಳಿಸ್ತಾರೆ ಅಂತಂತೂ ಕನಸಲ್ಲೂ ಅಂದ್ಕೊಂಡಿರಲಿಲ್ಲ."

ಪಂಚರಲ್ಲೊಬ್ಬನಿಗೆ ನಗು ಬಂತು, ದಫೇದಾರ್ ದುರುಗುಟ್ಟಿದ.

"ಚಿಕ್ಕ ಯಜಮಾನರಿಗೆ ಮೊದಲೇ ಹೇಳಬಹುದಿತ್ತು."

"ಹೇಗೆ ಹೇಳ್ಲಿ? ಹಿಂದೆ ಒಬ್ಬ ಮ್ಯಾನೇಜರ್ ಬಂದಾಗ ಹೇಳಿದ್ದೆ. ಕಾಗದ ಪತ್ರ ಇದೆಯಾ ಅಂದ್ರು. ಇಲ್ಲ ಅಂದೆ. ಹಾಗಾದ್ರೆ ಮುಚ್ಚು ಅಂದ್ರು. ಮುಚ್ಚಿದೆ ಅಂತ ಸುಳ್ಳು ಹೇಳಿದೆ. ಅವತ್ತಿಂದ ಅದು ಸತ್ತ ಲೈನು."

"ದೊಡ್ಡ ಯಜಮಾನರು ಕೊಟ್ಟ ಮಾತಿಗೆ ನೀವ್ಯಾಕೆ ಜೈಲಿಗೆ ಹೋಗ್ತೀರಾ?"

ಹನಿಯಣ್ಣ ಕೈಯಲ್ಲಿದ್ದ ಮೀಟರನ್ನು ಮೇಜಿನ ಮೇಲಿಟ್ಟ.

"ಅವತ್ತು ಆ ಹೆಂಗಸ್ರಲ್ಲಿ ಒಬ್ಬಳು ಕೇಳಿದ್ಳು ಮೇಡಂ, ನಾಳೆ ನೀವು ಸತ್ತೋದ್ರೆ ಏನು ಗತಿ ಅಂತ. ಯಾರಿಗಿತ್ತು ಆ ಧೈರ್ಯ! ನಾನು ಕೆಲಸಕ್ಕೆ ಸೇರಿ ವಾರ ಆಗಿತ್ತು, ಪೈಪು ಹೊತ್ಕೊಂಡು ಪಕ್ಕದಲ್ಲಿ ನಿಂತಿದ್ದೆ. ದೊಡ್ಡ ಯಜಮಾನ್ರು ನನ್ನ ಹೆಗಲ ಮೇಲೆ ಕೈ ಇಟ್ಟು, ನಾನು ಹೋದ್ರೆ ಇವನಿರ್ತಾನೆ ಅಂದ್ರು. ನನ್ನ ಹೆಸರೂ ಗೊತ್ತಿರಲಿಲ್ಲ ಅವರಿಗೆ. ಅವರೇನೋ ಹೇಳಿಬಿಟ್ರು. ಆದ್ರೆ ಕೈ ಇಟ್ಟಿದ್ದು ನನ್ನ ಮೇಲೆ ಅಲ್ವಾ?"

ಸಂಜೆ ನಾಲ್ಕಕ್ಕೆ ಮೀಟರ್ ಜಪ್ತಿ ಮಾಡಿ, ಹನಿಯಣ್ಣನನ್ನು ಬಂಧಿಸಲಾಯಿತು. ಕರೆದುಕೊಂಡು ಹೊರಡುವಾಗ ಅವನು ಒಂದು ನಿಮಿಷ ಕೇಳಿಕೊಂಡ. ಸೊಂಟದ ಬೀಗದ ಕೈಗೊಂಚಲನ್ನು ಬಿಚ್ಚಿ, ಬಾಗಿಲಲ್ಲಿ ನಿಂತಿದ್ದ ಲೆಕ್ಕದ ಮೇಡಂ ಕೈಗೆ ಕೊಟ್ಟ. "ದೊಡ್ಡದು ಮೇನ್ ವಾಲ್ವ್‌ದು ಮಗಳೇ. ತೆಗೆಯುವಾಗ ನಿಧಾನ ತೆಗಿ. ಗಡಬಡ ಮಾಡಿದ್ರೆ ಪೈಪು ಒದೆಯುತ್ತೆ." ಹುಡುಗಿ ತೆಗೆದುಕೊಂಡರು. ಅವರಿಗೆ ಅಳು ಬಂದಿತ್ತು, ಸಿಟ್ಟೂ ಬಂದಿತ್ತು.

"ನನಗೆ ಒಂದು ಮಾತು ಹೇಳೋಕೆ ಆಗ್ಲಿಲ್ವಾ ಅಣ್ಣಾ?"

"ಹೇಳಿದ್ರೆ ನೀನು ಸುಳ್ಳು ಬರೀಬೇಕಾಗಿತ್ತು. ನಿನ್ನ ಕೈಲಿ ಅದು ಆಗ್ತಿತ್ತಾ?"

ಅವರು ಬೀಗದ ಕೈಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಆರು ಗಂಟೆಗೆ ಚಿಕ್ಕ ಯಜಮಾನರೇ ಠಾಣೆಗೆ ಬಂದರು. ಹಿಂದೆಯೇ, ಆಗಷ್ಟೇ ಓಣಿಗೆ ಹೋಗಿ ಅಜ್ಜಿಯ ಕತೆ ಕೇಳಿಕೊಂಡು ಬಂದಿದ್ದ ಲೆಕ್ಕದ ಮೇಡಂ. ಚಿಕ್ಕ ಯಜಮಾನರ ಮುಖ ಕೆಂಪಗಿತ್ತು. ಸೆರೆಯಲ್ಲಿ ಬೆಂಚಿನ ಮೇಲೆ ಕೂತಿದ್ದ ಮುದುಕನ ಕಡೆ ನೋಡಲಿಲ್ಲ.

"ಇಷ್ಟು ವರ್ಷ ನಮ್ಮ ನೀರು ಆಚೆ ಹೋಗಿದೆ, ನನಗೆ ಗೊತ್ತಿಲ್ಲ! ಸೋಮವಾರ ಅವರ ಮುಂದೆ ಏನು ಹೇಳ್ಲಿ ಮೇಡಂ? ನಾಳೇನೇ ಆ ಲೈನ್ ಕತ್ತರಿಸಿ ಹಾಕಿಸ್ತೀನಿ."

"ಅದು ನಿಮ್ಮ ಪೈಪು. ನಾನು ಬೇಡ ಅನ್ನೋಕೆ ಆಗಲ್ಲ" ಎಂದರು ಇನ್‌ಸ್ಪೆಕ್ಟರ್. "ನನ್ನ ಕೆಲಸ ಕಳವಿನದು, ಅದು ಮುಗೀತು."

ಮಾತಾಡಿದವರು ಲೆಕ್ಕದ ಮೇಡಂ. "ಸಾರ್, ನಾನು ಆರು ತಿಂಗಳು ಅದನ್ನ ಸೋರಿಕೆ ಅಂತ ಹುಡುಕಿದೆ. ಅದು ಸೋರಿಕೆ ಅಲ್ಲ. ನಾವು ಅವರ ಬಾವಿ ತಗೊಂಡು, ನಿಮ್ಮ ತಂದೆ ಮಾತು ಕೊಟ್ಟು, ಅದಕ್ಕೆ ಪ್ರತಿಯಾಗಿ ಕೊಡ್ತಾ ಇರೋ ನೀರು. ನಿಲ್ಲಿಸಿದ್ರೆ ನಮ್ಮ ದರ್ಜೆ ಮೇಲೆ ಹೋಗುತ್ತೆ, ನಿಜ. ಓಣಿಯವರು ರೈಲು ಕಂಬಿ ದಾಟಿ ಹೋಗಿ ತರ್ತಾರೆ. ನೀರು ಉಳೀತು ಅಂತ ನಾನು ಬರೀಬೇಕು. ಎಲ್ಲಿ ಉಳೀತು ಸಾರ್? ಖರ್ಚನ್ನ ಗೋಡೆಯಾಚೆ ತಳ್ಳಿದ ಹಾಗಾಯ್ತು ಅಷ್ಟೆ."

"ಹಾಗಾದ್ರೆ ಏನಂತ ಬರೀತೀಯ?"

"ಓಣಿಗೆ ಕೊಟ್ಟ ನೀರು ಅಂತ. ಬೇರೆ ಸಾಲಲ್ಲಿ, ಮೀಟರ್ ಹಾಕಿ, ಎಷ್ಟಿದೆಯೋ ಅಷ್ಟು."

"ಮೊದಲ ದರ್ಜೆ?"

"ಈ ವರ್ಷ ಬರಲ್ಲ. ಬಾಯ್ಲರ್ ಉಗಿ ತಣಿದು ಆಗೋ ನೀರನ್ನ ಇನ್ನೂ ಚರಂಡಿಗೇ ಬಿಡ್ತಾ ಇದೀವಿ. ಅದನ್ನ ಹಿಡಿದ್ರೆ ಮೂರು ಕೊಡ ಯಾಕೆ, ಐದು ಕೊಡ ಉಳಿಸ್ತೀನಿ. ಒಂದು ವರ್ಷ ಕೊಡಿ."

ಚಿಕ್ಕ ಯಜಮಾನರು ಮೊದಲ ಸಲ ಬೆಂಚಿನ ಕಡೆ ತಿರುಗಿದರು.

"ಅಪ್ಪ ನಿಜವಾಗ್ಲೂ ಹಾಗೆ ಹೇಳಿದ್ರಾ?"

"ನಾನು ಹೇಳಿದ್ರೆ ಕಳ್ಳನ ಮಾತಾಗುತ್ತೆ" ಎಂದ ಹನಿಯಣ್ಣ. "ನೀವೇ ಹೋಗಿ ಕೇಳಿ."

ಮರುದಿನ ಬೆಳಿಗ್ಗೆ ಚಿಕ್ಕ ಯಜಮಾನರು ಒಬ್ಬರೇ ಓಣಿಗೆ ಹೋದರೆಂದು ದಫೇದಾರ್ ವರದಿ ತಂದ. ನಲ್ಲಿಯ ಮುಂದೆ ಸುಮ್ಮನೆ ನಿಂತದ್ದನ್ನು ನೋಡಿ, ಅವರ್ಯಾರೆಂದು ಗೊತ್ತಿಲ್ಲದ ಹೆಂಗಸೊಬ್ಬಳು, "ಕೊಡ ತಂದಿಲ್ಲ ಅಂದ್ರೆ ಪಕ್ಕಕ್ಕೆ ನಿಲ್ಲಪ್ಪ, ದಾರಿಗೆ ಅಡ್ಡ" ಎಂದು ಗದರಿದಳಂತೆ. ಪಕ್ಕಕ್ಕೆ ನಿಂತರಂತೆ. ಅಜ್ಜಿ ಅವರನ್ನು ಮೂಗು ನೋಡಿಯೇ ಗುರುತು ಹಿಡಿದು, ಅಪ್ಪನದೇ ಮೂಗು ಎಂದು ಹತ್ತಿರ ಕೂರಿಸಿಕೊಂಡು ಕತೆ ಹೇಳಿದಳಂತೆ. ಸೋಮವಾರ ಮೌಲ್ಯಮಾಪನದವರು ಬಂದಾಗ ಲೆಕ್ಕದ ಮೇಡಂ ಅವರನ್ನು ಬಾಯ್ಲರ್ ಮನೆಯ ಹಿಂದಿಗೂ, ಗೋಡೆಯಾಚೆಗೂ ಕರೆದುಕೊಂಡು ಹೋಗಿ ಎಲ್ಲ ತೋರಿಸಿದರು. ಗಿರಣಿಗೆ ಎರಡನೇ ದರ್ಜೆ ಬಂತು. ಆ ಲೆಕ್ಕದ ಕೆಳಗೆ ಚಿಕ್ಕ ಯಜಮಾನರು ಸಹಿ ಹಾಕಿದರು.

ಪ್ರಕರಣದ ಡೈರಿಯಲ್ಲಿ ಉದ್ದೇಶ ಎಂಬ ಜಾಗದಲ್ಲಿ ಇನ್‌ಸ್ಪೆಕ್ಟರ್ ಹೀಗೆ ಬರೆದರು: ಆರೋಪಿಗೆ ಈ ಕೃತ್ಯದಿಂದ ಯಾವ ಲಾಭವೂ ಇರಲಿಲ್ಲ. ಮತ್ತೊಬ್ಬರು ತನ್ನ ಹೆಗಲ ಮೇಲೆ ಕೈಯಿಟ್ಟು ಕೊಟ್ಟ ಮಾತನ್ನು ತನ್ನದೆಂದು ನಂಬಿ ಮಾಡಿದ್ದಾನೆ. ಬರೆದದ್ದನ್ನು ಒಮ್ಮೆ ಓದಿ, ತಿದ್ದದೆ ಕಡತ ಮುಚ್ಚಿದರು.

ಹನಿಯಣ್ಣ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ಗಿರಣಿಯವರು ತಕರಾರಿಲ್ಲ ಎಂದದ್ದರಿಂದ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಫೋರ್‌ಮನ್ ಕೆಲಸ ಮಾತ್ರ ಹೋಯಿತು. ಓಣಿಯ ನಲ್ಲಿಯಲ್ಲಿ ನೀರು ಬರುತ್ತಿದೆ. ದೊಡ್ಡ ಯಜಮಾನರು ಕೊಟ್ಟ ಮಾತು ಉಳಿಯಿತು.